ಮೇಸ್ತ್ರಿ ಉತ್ತರ: ಗಾಡಿ ನಿಲ್ಲಿಸುವಾಗ ಯಾವ ಕಾಲು ಇಳಿಸಲಿ?

ಈ ಸಲ ಬಂದ ಪತ್ರಗಳಲ್ಲಿ ಎಂಜಿನ್ನಿನ ದೂರು ಕಡಿಮೆ, ಕಾಲಿನ ದೂರೇ ಜಾಸ್ತಿ. ಬರೆದವರೆಲ್ಲ ಓಡಿಸುವಾಗ ಚೆನ್ನಾಗಿಯೇ ಓಡಿಸುತ್ತಾರೆ. ನಿಲ್ಲಿಸುವಾಗ ಬೀಳುತ್ತಾರೆ, ಇಲ್ಲ ಹೊರಡುವಾಗ ಬೀಳುತ್ತಾರೆ. ಹೀಗೆ ಬಿದ್ದವರಿಗೆ ಪೆಟ್ಟಿಗಿಂತ ನಾಚಿಕೆಯೇ ಹೆಚ್ಚು. ಎದ್ದು ಸುತ್ತಮುತ್ತ ನೋಡಿಕೊಂಡು, ಬಟ್ಟೆ ಕೊಡವಿಕೊಂಡು ಹೋಗಿಬಿಡುತ್ತಾರೆ, ಮನೆಯಲ್ಲೂ ಹೇಳಲ್ಲ. ಪತ್ರದಲ್ಲೂ ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕಿಲ್ಲ.

ಪ್ರಶ್ನೆ: ಮೇಸ್ತ್ರಿಗಳೇ, ನಾನು ಶಾಲಾ ಶಿಕ್ಷಕಿ. ಎತ್ತರ ಐದಡಿ ಒಂದಿಂಚು. ಮೊದಲಿಂದ ಸ್ಕೂಟರ್ ಓಡಿಸುತ್ತಿದ್ದೆ. ಈಗ ನಮ್ಮ ಯಜಮಾನರ ಸ್ಪ್ಲೆಂಡರ್ ಕಲಿತಿದ್ದೇನೆ. ಸಂಜಯ ಸರ್ಕಲ್ ಹತ್ತಿರ ನಿಲ್ಲಿಸುವಾಗ ಎರಡು ಸಲ ಎಡಕ್ಕೆ ವಾಲಿ ಬಿದ್ದೆ. ಎರಡು ಕಾಲೂ ಇಳಿಸಿದ್ದೆ, ಆದರೂ ಬಿದ್ದೆ. ಒಂದು ಸಲ ಫುಟ್‌ರೆಸ್ಟ್ ಮೀನಖಂಡಕ್ಕೆ ಬಡಿದು ಊದಿಕೊಂಡಿತು. ಮನೆಯಲ್ಲಿ ಎಲ್ಲರೂ "ನಿನ್ನ ಕಾಲು ಗಿಡ್ಡ, ಬೈಕ್ ನಿನಗಲ್ಲ" ಅನ್ನುತ್ತಾರೆ. ನಿಜವಾ?
– ಸ್ವರ್ಣಸಂದ್ರ, ಮಂಡ್ಯ

ಉತ್ತರ: ಅವರ ಮಾತು ಬಿಡಿ ತಾಯಿ. ಸ್ಪ್ಲೆಂಡರ್ ಸೀಟು ನೆಲದಿಂದ 785 ಮಿ.ಮೀ. ಎತ್ತರ. ಎನ್‌ಫೀಲ್ಡ್ ಕ್ಲಾಸಿಕ್ 350 ಸೀಟು 805 ಮಿ.ಮೀ. ಎತ್ತರದಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ. ತೂಕ ನೋಡಿ: ಸ್ಪ್ಲೆಂಡರ್ 112 ಕೆ.ಜಿ., ಕ್ಲಾಸಿಕ್ 195 ಕೆ.ಜಿ. ನಿಮ್ಮ ಕೈಯಲ್ಲಿರುವುದು ಹಗುರ ಗಾಡಿ. ಆರಡಿ ಆಳುಗಳು ನಿಂತಲ್ಲೇ ಬೀಳುವುದನ್ನು ನಮ್ಮ ಗ್ಯಾರೇಜ್ ಮುಂದೆಯೇ ನೋಡುತ್ತಿರುತ್ತೇನೆ. ಇದು ಎತ್ತರದ ವಿಷಯವೇ ಅಲ್ಲ.

ನಿಮ್ಮ ತೊಂದರೆ ಸ್ಕೂಟರ್‌ನಿಂದ ಬಂದದ್ದು. ಸ್ಕೂಟರ್‌ನಲ್ಲಿ ಎರಡು ಬ್ರೇಕೂ ಕೈಯಲ್ಲಿ, ಗೇರಿಲ್ಲ, ಕಾಲಿಗೆ ಕೆಲಸವೇ ಇಲ್ಲ. ನಿಲ್ಲುವ ಮೊದಲೇ ಎರಡು ಕಾಲೂ ಇಳಿಬಿಟ್ಟುಕೊಂಡು ಉಜ್ಜುತ್ತಾ ಬರುತ್ತೀರಿ. ಬೈಕ್‌ನಲ್ಲಿ ಹಾಗಲ್ಲ. ಬಲಗಾಲಿನ ಕೆಳಗೆ ಹಿಂದಿನ ಬ್ರೇಕ್ ಇದೆ, ಎಡಗಾಲಿನ ಕೆಳಗೆ ಗೇರ್ ಇದೆ. ಎರಡು ಕಾಲೂ ಇಳಿಸಿದ ಕೂಡಲೇ ಹಿಂದಿನ ಬ್ರೇಕ್ ಬಿಟ್ಟುಹೋಯಿತು. ಆಗ ಗಾಬರಿಯಲ್ಲಿ ಕೈ ಮುಂದಿನ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಹ್ಯಾಂಡಲ್ ಚೂರು ತಿರುಗಿದ್ದರೆ ಸಾಕು, ಆ ಕಡೆಗೇ ಗಾಡಿ ಮಗುಚಿಕೊಳ್ಳುತ್ತದೆ. ನೀವು ಎಡಕ್ಕೆ ಬಿದ್ದದ್ದು ಹೀಗೇ ಇರಬೇಕು. ರಸ್ತೆ ಬದಿಗೆ ಬರಲು ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ದಿರಿ, ಅಲ್ವಾ?

ಇಳಿಯಬೇಕಾದ್ದು ಎಡಗಾಲು ಒಂದೇ. ಬಲಗಾಲು ಬ್ರೇಕ್ ಮೇಲೇ ಇರಲಿ.

ಕಾಲನ್ನು ಯಾವಾಗ ಇಳಿಸಬೇಕು ಅನ್ನುವುದೇ ಮುಖ್ಯ. ಅದಕ್ಕೆ ಮೊದಲು ಆ ಕಾಲಿನ ಬೇರೆ ಕೆಲಸ ಮುಗಿದಿರಬೇಕು. ಗಾಡಿ ಇನ್ನೂ ಉರುಳುತ್ತಿರುವಾಗಲೇ ಕ್ಲಚ್ ಹಿಡಿದು ಗೇರ್ ಇಳಿಸುತ್ತಾ ಒಂದಕ್ಕೆ ಬನ್ನಿ. ಬಹಳ ಜನ ಮೂರನೇ ಗೇರಲ್ಲೇ ಬಂದು ನಿಂತು, ಕಾಲು ಇಳಿಸಿ, ಮತ್ತೆ ಎತ್ತಿ ಗೇರ್ ತುಳಿದು, ಮತ್ತೆ ಇಳಿಸಿ, ಸಿಗ್ನಲ್‌ನಲ್ಲಿ ಭರತನಾಟ್ಯ ಮಾಡುತ್ತಾರೆ. ಆ ಎತ್ತಿ ಇಳಿಸುವ ಹೊತ್ತಿನಲ್ಲೇ ಗಾಡಿ ಬಲಕ್ಕೆ ವಾಲುತ್ತದೆ. ಬಲಗಾಲು ಬ್ರೇಕ್ ಮೇಲಿರುತ್ತದೆ. ಮುಗೀತು.

ಗೇರ್ ಒಂದಕ್ಕೆ ಬಂತು. ಈಗ ಹ್ಯಾಂಡಲ್ ನೆಟ್ಟಗಿರಲಿ. ಕಣ್ಣು ಮುಂದಿನ ಬಸ್ಸಿನ ನಂಬರ್ ಪ್ಲೇಟ್ ಎತ್ತರದಲ್ಲಿರಲಿ. ಕೆಳಗೆ ಕಾಲು ಎಲ್ಲಿಡಲಿ ಅಂತ ನೆಲ ನೋಡಿದರೆ ತಲೆಯ ಹಿಂದೆಯೇ ಮೈಯೂ ಆ ಕಡೆ ಹೋಗುತ್ತದೆ. ಮುಂದಿನ ಬ್ರೇಕನ್ನು ಮೆಲ್ಲಗೆ ಸಡಿಲಿಸಿ, ಕೊನೆಯ ಒಂದೆರಡು ಮಾರು ಬಲಗಾಲಿನ ಬ್ರೇಕ್‌ನಲ್ಲೇ ನಿಲ್ಲಿಸಿ. 2019ರ ಏಪ್ರಿಲ್‌ನಿಂದ ಮಾರಾಟವಾದ 125 ಸಿಸಿವರೆಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಸಿಬಿಎಸ್, ಅಂದರೆ ಎರಡು ಬ್ರೇಕನ್ನೂ ಜೋಡಿಸಿದ ವ್ಯವಸ್ಥೆ, ಇರುತ್ತದೆ. ನಿಮ್ಮದು ಅಂಥದ್ದಾದರೆ ಕಾಲಿನ ಬ್ರೇಕ್ ತುಳಿದಾಗ ಮುಂದಿನದ್ದೂ ಸ್ವಲ್ಪ ಹಿಡಿಯುತ್ತದೆ. ಅದಕ್ಕೇ ತುಳಿಯುವುದು ಮೃದುವಾಗಿರಲಿ. ಗಾಡಿ ಪೂರ್ತಿ ನಿಂತಿತು ಅನ್ನುವಾಗ ಮೂಗು ಒಮ್ಮೆ ಬಗ್ಗಿ ಏಳುತ್ತದೆ, ಗಮನಿಸಿ. ಎಡಪಾದ ನೆಲ ಮುಟ್ಟಬೇಕಾದ ಹೊತ್ತು ಅದು. ಅದಕ್ಕಿಂತ ಬೇಗ ಇಳಿಸಿದರೆ ಪಾದ ನೆಲದಲ್ಲಿ ನಿಲ್ಲುತ್ತದೆ, ಗಾಡಿ ಮುಂದೆ ಹೋಗುತ್ತದೆ, ಫುಟ್‌ರೆಸ್ಟ್ ಹಿಂದಿನಿಂದ ಬಂದು ಮೀನಖಂಡಕ್ಕೆ ಗುದ್ದುತ್ತದೆ. ನಿಮಗೆ ಊದಿದ್ದು ಅದೇ.

ಪಾದ ಎಲ್ಲಿಡಬೇಕು? ಫುಟ್‌ರೆಸ್ಟ್‌ನ ನೇರ ಕೆಳಗೆ ಬೇಡ. ಒಂದು ಗೇಣು ಹೊರಗೆ, ಚೂರು ಮುಂದೆ. ಹಿಮ್ಮಡಿಯಿಂದ ಬೆರಳವರೆಗೂ ಊರಬೇಕು. ಬೆರಳ ತುದಿಯಲ್ಲಿ ನಿಂತರೆ ಮರಳಿನ ಒಂದು ಚಿಟಿಕೆಯೂ ಜಾರಿಸುತ್ತದೆ. ಪೂರ್ತಿ ಊರಲು ನಿಲುಕದಿದ್ದರೆ ಸೀಟಿನ ಮೇಲೆ ಸೊಂಟವನ್ನು ಎಡಕ್ಕೆ ಸರಿಸಿ. ಬಲತೊಡೆ ಸೀಟಿನ ಅಂಚಿಗೆ ಬರುತ್ತದೆ, ಎಡಗಾಲು ನಾಲ್ಕು ಬೆರಳು ಉದ್ದ ಆದ ಹಾಗೆ ಇಳಿಯುತ್ತದೆ. ಐದಡಿಯವರು ದೊಡ್ಡ ದೊಡ್ಡ ಗಾಡಿ ಓಡಿಸುವುದು ಇದೇ ಉಪಾಯದಲ್ಲಿ.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಮಧ್ಯದಲ್ಲಿ ಉಬ್ಬಿರುತ್ತವೆ, ಬದಿಗೆ ಇಳಿಜಾರು. ನಾವು ಓಡಿಸುವುದು ಎಡಗಡೆ. ಅಂದರೆ ನಿಮ್ಮ ಎಡಗಾಲಿನ ಕೆಳಗಿನ ನೆಲ ಯಾವಾಗಲೂ ಬಲಗಾಲಿಗಿಂತ ತಗ್ಗು. ಟಾರಿನ ಕೊನೇ ಅಂಚಿನಲ್ಲಿ ನಿಲ್ಲಿಸಿದರೆ ಟಾರು ಮುಗಿದು ಮಣ್ಣು ಶುರುವಾಗುವಲ್ಲಿ ಇನ್ನೂ ಅರ್ಧ ಗೇಣು ಕೆಳಕ್ಕೆ. ಕಾಲು ಇಳಿಸುತ್ತೀರಿ, ನೆಲವೇ ಇಲ್ಲ. ಭಯಕ್ಕೆ ಅಂಚು ಹಿಡಿದು ನಿಲ್ಲುವವರೇ ಹೆಚ್ಚು ಬೀಳುವುದು ಇದಕ್ಕೇ. ಧೈರ್ಯವಾಗಿ ಎರಡಡಿ ಒಳಗೆ, ಟಾರಿನ ಮೇಲೇ ನಿಲ್ಲಿಸಿ. ಜೀಬ್ರಾ ಪಟ್ಟೆಯ ಬಿಳಿ ಬಣ್ಣದ ಮೇಲೆ ಮಳೆ ಬಿದ್ದಿದ್ದರೆ ಅದರ ಮೇಲೆ ಪಾದ ಊರಬೇಡಿ, ಎರಡು ಪಟ್ಟೆಯ ನಡುವಿನ ಟಾರಿಗೆ ಇಡಿ. ಕಬ್ಬು ಅರೆಯುವ ಕಾಲದಲ್ಲಿ ನಿಮ್ಮೂರಿನ ರಸ್ತೆಯಲ್ಲಿ ಸೋಗೆ ಬಿದ್ದಿರುತ್ತದಲ್ಲ, ಅದೂ ಅಷ್ಟೇ. ಒಣಗಿದ್ದರೂ ಜಾರುತ್ತದೆ.

ಹೊರಡುವಾಗ ಇದೇ ಕ್ರಮ, ಹಿಂದಿನಿಂದ ಮುಂದಕ್ಕೆ. ಬಲಗಾಲು ಬ್ರೇಕ್ ಮೇಲೆ, ಎಡಗಾಲು ನೆಲದ ಮೇಲೆ. ಕ್ಲಚ್ ನಿಧಾನ ಬಿಡಿ. ಎಂಜಿನ್ ಸದ್ದು ಚೂರು ಕುಗ್ಗಿ ಗಾಡಿ ಮುಂದಕ್ಕೆ ತವಕಿಸುತ್ತದೆ. ಆಗ ಬ್ರೇಕ್ ಬಿಡಿ. ಗಾಡಿ ಉರುಳಿದ ಕೂಡಲೇ ಎಡಗಾಲನ್ನು ನೇರ ಎತ್ತಿ ಫುಟ್‌ರೆಸ್ಟ್ ಮೇಲಿಡಿ. ನೆಲ ಒದ್ದು ತಳ್ಳಿಕೊಂಡು ಹೋಗಬೇಡಿ. ನಿಮ್ಮ ಗಾಡಿಯ ಗೇರ್ ಲಿವರ್‌ಗೆ ಹಿಂದೆಯೂ ಒಂದು ತುಳಿಗೆ ಇದೆ, ಹಿಮ್ಮಡಿಗೆ. ಕಾಲು ಅವಸರದಲ್ಲಿ ಬಂದರೆ ಅದನ್ನೇ ತುಳಿದುಬಿಡುತ್ತದೆ, ಗೇರ್ ತಪ್ಪುತ್ತದೆ, ಗಾಡಿ ನಡುರಸ್ತೆಯಲ್ಲಿ ಮುಗ್ಗರಿಸುತ್ತದೆ. ಹಾಗಾಗಿ ಪಾದ ಹೊರಗಿನಿಂದ ಬರಲಿ, ಹಿಂದಿನಿಂದ ಬೇಡ.

ಕಲಿಯಲು ಸರ್ಕಲ್ ಬೇಡ. ಸೈಟು ಮಾಡಿ ಬಿಟ್ಟಿರುವ ಖಾಲಿ ಬಡಾವಣೆ ಊರಿಗೆ ಒಂದಾದರೂ ಇರುತ್ತದೆ, ಟಾರೂ ಚೆನ್ನಾಗಿರುತ್ತದೆ. ಇಟ್ಟಿಗೆ ಚೂರಿನಲ್ಲಿ ಒಂದು ಗೆರೆ ಎಳೆದು, ಮುಂದಿನ ಚಕ್ರ ಗೆರೆಗೆ ನಿಲ್ಲುವ ಹಾಗೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಿ. ಎಡಗಾಲು ಒಂದೇ ಇಳಿಯಬೇಕು. ಬಲಗಾಲು ಇಳಿದರೆ ಲೆಕ್ಕಕ್ಕಿಲ್ಲ. "ಗಿಡ್ಡ" ಅಂದವರನ್ನೂ ಕರೆದುಕೊಂಡು ಹೋಗಿ, ಅವರೂ ಗೆರೆಗೆ ನಿಲ್ಲಿಸಲಿ ನೋಡೋಣ.

ಪ್ರಶ್ನೆ: ಅಂಕಲ್, ಚಾಮುಂಡಿ ಬೆಟ್ಟಕ್ಕೆ ಫ್ರೆಂಡ್ ಕೂರಿಸಿಕೊಂಡು ಹೋಗುತ್ತಿದ್ದೆ. ಏರಿನಲ್ಲಿ ಮುಂದೆ ಬಸ್ ನಿಂತಿತು. ನಾನೂ ನಿಂತೆ. ಗಾಡಿ ಹಿಂದಕ್ಕೆ ಜಾರಲು ಶುರುವಾಯಿತು. ಎರಡು ಕಾಲಲ್ಲೂ ತಡೆದೆ, ಆಗಲಿಲ್ಲ. ಆಮೇಲೆ ವಾಪಸ್ ಹೋಗೋಣ ಅಂತ ತಿರುಗಿಸುವಾಗ ಬಿದ್ದೇಬಿಟ್ಟೆವು. ಏನು ಮಾಡಬೇಕಿತ್ತು?
– ಕುವೆಂಪುನಗರ, ಮೈಸೂರು

ಉತ್ತರ: ಮರಿ, ಗಾಡಿ, ನೀನು, ನಿನ್ನ ಫ್ರೆಂಡ್ ಸೇರಿ ಮುನ್ನೂರು ಕೆ.ಜಿ. ಹತ್ತಿರ ಆಗುತ್ತೆ. ಅದನ್ನು ಏರಿನಲ್ಲಿ ಶೂಗಳು ಹಿಡಿದು ನಿಲ್ಲಿಸಲ್ಲ. ಮುಂದಿನ ಬ್ರೇಕ್ ಒಂದೇ ಒತ್ತಿದ್ದೆ ಅನ್ನಿಸುತ್ತೆ. ಏರಿನಲ್ಲಿ ತೂಕವೆಲ್ಲ ಹಿಂದಿನ ಚಕ್ರದ ಮೇಲೆ ಕೂರುತ್ತೆ, ಮುಂದಿನ ಚಕ್ರ ಹಗುರವಾಗುತ್ತೆ. ಸ್ವಲ್ಪ ಮರಳಿದ್ದರೂ ಹಿಡಿದ ಚಕ್ರವೇ ಹಿಂದಕ್ಕೆ ಜಾರುತ್ತೆ. ಏರಿನಲ್ಲಿ ನಿನ್ನನ್ನು ಕಾಪಾಡುವುದು ಬಲಗಾಲಿನ ಬ್ರೇಕ್. ಎಡಗಾಲು ಊರಿ, ಬಲಗಾಲಲ್ಲಿ ಬ್ರೇಕ್ ಗಟ್ಟಿಯಾಗಿ ತುಳಿದುಕೊಂಡು ಆರಾಮಾಗಿ ನಿಲ್ಲು. ಹೊರಡುವಾಗ ಹಾಫ್ ಕ್ಲಚ್‌ಗೆ ಬಂದು, ಆಕ್ಸಿಲರೇಟರ್ ಚೂರು ಕೊಟ್ಟು, ಗಾಡಿಯ ಹಿಂಭಾಗ ಕುಗ್ಗಿದ್ದು ಗೊತ್ತಾದ ಮೇಲೆ ಬ್ರೇಕ್ ಬಿಡು. ಅದಕ್ಕೂ ಮೊದಲು ಬಿಟ್ಟರೆ ಹಿಂದಿನ ಕಾರಿನವರ ಬಂಪರ್ ಲೆಕ್ಕ ನೀನು ಕೊಡಬೇಕಾಗುತ್ತೆ.

ತಿರುಗಿಸುವಾಗ ಬಿದ್ದದ್ದು ಬೇರೆ ಕಾರಣಕ್ಕೆ. ಮೇಲಿನ ಪತ್ರಕ್ಕೆ ಎಡಗಾಲು ಅಂದೆ. ಇಲ್ಲಿ ಮಾತ್ರ ಆ ನಿಯಮ ನಡೆಯಲ್ಲ. ಗಾಡಿ ಇಳಿಜಾರಿಗೆ ಅಡ್ಡ ನಿಂತಾಗ ಒಂದು ಕಾಲಿನ ನೆಲ ಮೇಲಿರುತ್ತೆ, ಇನ್ನೊಂದರದು ಕೆಳಗಿರುತ್ತೆ. ಕೆಳಗಿನ ಕಡೆಯ ಕಾಲು ಇಳಿಸಿದರೆ ಎಷ್ಟು ಉದ್ದದ ಕಾಲಾದರೂ ನೆಲ ಸಿಗಲ್ಲ. ಬೆಟ್ಟದ ಏರು ಯಾವ ಕಡೆ ಇದೆಯೋ ಆ ಕಡೆಯ ಕಾಲೇ ಇಳಿಯಬೇಕು. ಅದು ಬಲಗಾಲಾದರೆ ಆಗ ಮುಂದಿನ ಬ್ರೇಕ್ ಕೈಯಲ್ಲಿ ಹಿಡಿ. ನನ್ನ ಕೇಳಿದರೆ ಅಲ್ಲಿ ತಿರುಗಿಸುವುದೇ ಬೇಡ. ನಂದಿಯವರೆಗೋ ಮೇಲಿನವರೆಗೋ ಹೋಗಿ ಸಮತಟ್ಟು ಸಿಕ್ಕಲ್ಲಿ ತಿರುಗಿಸು. ತಾಯಿ ದರ್ಶನವೂ ಆಗುತ್ತೆ. ಅಡ್ಡ ತಿರುಗಿಸಲೇಬೇಕಾದರೆ ಫ್ರೆಂಡನ್ನು ಮೊದಲು ಇಳಿಸು.

ಗಾಡಿ ವಾಲಿಯೇಬಿಟ್ಟಿತು ಅಂದರೆ ಕೈಬಿಡು. ಕಾಲು ಅಡ್ಡ ಕೊಟ್ಟು ತಡೆಯಲು ಹೋದರೆ ಹರಡು ಮುರಿಯುತ್ತೆ. ಇಂಡಿಕೇಟರ್, ಕ್ಲಚ್ ಲಿವರ್ ನಾನು ಹಾಕಿಕೊಡುತ್ತೇನೆ. ಹರಡು ನನ್ನ ಅಂಗಡಿಯಲ್ಲಿಲ್ಲ.

ಪ್ರಶ್ನೆ: ಸ್ವಾಮಿ, ನಾನು ರೈತ, ಅರವತ್ತು ದಾಟಿದೆ. ಪಂಚೆ ಉಟ್ಟು ಗಾಡಿ ಓಡಿಸುವ ಅಭ್ಯಾಸ. ಮೊನ್ನೆ ನಿಲ್ಲಿಸಿ ಕಾಲು ಇಳಿಸಲು ಹೋದರೆ ಕಾಲೇ ಬರಲಿಲ್ಲ. ಪಂಚೆ ಅಂಚು ಗೇರಿಗೆ ಸಿಕ್ಕಿಕೊಂಡಿತ್ತು. ಹಾಗೇ ಒರಗಿಬಿಟ್ಟೆ. ಮಗ ಪ್ಯಾಂಟ್ ಹಾಕು ಅಂತಾನೆ.
– ಪಾಂಡವಪುರ ತಾಲ್ಲೂಕು

ಉತ್ತರ: ಗೌಡ್ರೇ, ಪ್ಯಾಂಟ್ ಹಾಕಿದರೂ ಸಿಕ್ಕಿಕೊಳ್ಳುತ್ತೆ ಅಂತ ಮಗನಿಗೆ ಹೇಳಿ. ಕೆಳಗೆ ಅಗಲ ಇರುವ ಪ್ಯಾಂಟು, ಶೂ ದಾರದ ಕುಣಿಕೆ, ಎಲ್ಲವೂ ಗೇರ್ ಲಿವರ್‌ನ ಹಿಂದಿನ ತುಳಿಗೆಯ ತುದಿಗೇ ಹೋಗಿ ಸಿಕ್ಕಿಕೊಳ್ಳುವುದು. ಪಂಚೆಯನ್ನು ಮಂಡಿ ಮೇಲಕ್ಕೆ ಎತ್ತಿ ಕಟ್ಟಿ ಓಡಿಸಿ. ಗದ್ದೆಗೆ ಇಳಿಯುವಾಗ ಕಟ್ಟುವುದಿಲ್ಲವಾ, ಹಾಗೆ. ಊರ ಮುಂದೆ ಬಂದು ಇಳಿದ ಮೇಲೆ ಬೇಕಾದರೆ ಇಳಿಬಿಡಿ. ಹೆಂಗಸರನ್ನು ಹಿಂದೆ ಕೂರಿಸಿಕೊಳ್ಳುವುದಿದ್ದರೆ ಸೀರೆ ಗಾರ್ಡ್ ಬಿಚ್ಚಿಸಬೇಡಿ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು ಅಂತ ಮೋಟಾರು ವಾಹನ ನಿಯಮವೇ ಇದೆ. ಚೆಂದ ಕಾಣಲ್ಲ ಅಂತ ಹುಡುಗರು ಬಿಚ್ಚಿಸಿಕೊಂಡು ಹೋಗುತ್ತಾರೆ. ನಾನು ಬಿಚ್ಚಿಕೊಡುವುದಿಲ್ಲ.

ಹವಾಯಿ ಚಪ್ಪಲಿ ಬೇಡ. ಒದ್ದೆಯಾದರೆ ಪಾದ ಅದರೊಳಗೇ ಜಾರುತ್ತದೆ, ಹಿಮ್ಮಡಿ ಫುಟ್‌ರೆಸ್ಟ್‌ಗೆ ತಗುಲಿ ಚಪ್ಪಲಿ ಅಲ್ಲೇ ಉಳಿಯುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಾಕು, ಶೂ ಅಂತ ಹಟ ಮಾಡಲ್ಲ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ, ರಾಗಿ ತಂದು ರಸ್ತೆಗೆ ಹರಡುತ್ತಾರೆ, ಗಾಡಿಗಳ ಚಕ್ರದಲ್ಲೇ ಒಕ್ಕಣೆ ಆಗಲಿ ಅಂತ. ಹುರುಳಿ ಸೊಪ್ಪಿನ ಮೇಲೆ ಕಾಲು ಊರಿದರೆ ಪಾದದ ಕೆಳಗೆ ಕಾಳು ಉರುಳುತ್ತದೆ. ಅದರ ಮೇಲೆ ನಿಲ್ಲಿಸುವುದೇ ಬೇಡ. ಮೊದಲೇ ನಿಧಾನ ಮಾಡಿ, ಹ್ಯಾಂಡಲ್ ನೆಟ್ಟಗೆ ಇಟ್ಟು, ಬ್ರೇಕ್ ಮುಟ್ಟದೆ ದಾಟಿ ಆಚೆ ನಿಲ್ಲಿಸಿ. ಬಿಸಿ ಸೈಲೆನ್ಸರ್‌ಗೆ ಹುಲ್ಲು ಸುತ್ತಿಕೊಂಡರೆ ಬೆಂಕಿಯ ಭಯ ಬೇರೆ. ನೀವೇ ಹರಡುವವರಾದರೆ, ದಯವಿಟ್ಟು ಕಣದಲ್ಲೇ ಹರಡಿ ಗೌಡ್ರೇ.

ಪ್ರಶ್ನೆ: ಅಪ್ಪನ ಹಳೇ ಬುಲೆಟ್ ರಿಪೇರಿ ಮಾಡಿಸಿದ್ದೇನೆ. ಗೇರ್ ಬಲಕ್ಕೆ, ಬ್ರೇಕ್ ಎಡಕ್ಕೆ. ಅವಸರದಲ್ಲಿ ಬ್ರೇಕ್ ಅಂತ ಗೇರ್ ತುಳಿಯುತ್ತೇನೆ. ಕಿಕ್ ಹೊಡೆದರೆ ವಾಪಸ್ ಒದೆಯುತ್ತದೆ. ದಿನಾ ಓಡಿಸುವುದು ಪಲ್ಸರ್.
– ಶ್ರೀರಂಗಪಟ್ಟಣ

ಉತ್ತರ: ದಿನಾ ಪಲ್ಸರ್ ಓಡಿಸಿ ಭಾನುವಾರ ಮಾತ್ರ ಬುಲೆಟ್ ಹತ್ತಿದರೆ ಕಾಲು ಗೊಂದಲ ಮಾಡಿಕೊಳ್ಳದೆ ಇರುತ್ತಾ? ನಾನು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, 1996ರಲ್ಲಿ ಅದು ಮುಚ್ಚುವವರೆಗೂ. ನಾವು ಮಾಡುತ್ತಿದ್ದ ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್, ಅದೂ ಎಡಗಡೆ. ತಿರುಗಿಸಿ ಎತ್ತಿದರೆ ಕಿಕ್ಕರ್, ಶುರುವಾದ ಮೇಲೆ ಮುಂದಕ್ಕೆ ತಂದರೆ ಗೇರ್. ಬುಲೆಟ್‌ನವರು ಯೆಜ್ಡಿ ಹತ್ತಿದರೆ ಬಲಗಡೆ ಕಿಕ್ಕರ್ ಹುಡುಕುತ್ತಾ ಗಾಳಿಗೆ ಒದೆಯುತ್ತಿದ್ದರು. ನಮಗೆ ಅದೇ ಮನರಂಜನೆ.

ಹಳೇ ಬುಲೆಟ್ ನಿಲ್ಲಿಸುವಾಗ ಎಲ್ಲವೂ ಅದಲು ಬದಲು. ಬ್ರೇಕ್ ಎಡಗಾಲಲ್ಲಿ, ಇಳಿಯುವುದು ಬಲಗಾಲು. ರಸ್ತೆಯ ಉಬ್ಬು ಬಲಗಡೆ ಇರುವುದರಿಂದ ನೆಲ ಬೇಗ ಸಿಗುತ್ತದೆ, ಅದೊಂದು ಅನುಕೂಲ. ಹತ್ತಿ ಕೂತ ಮೇಲೆ, ಕಿಕ್ ಹೊಡೆಯುವ ಮೊದಲು, ಎಡಗಾಲಲ್ಲಿ ಬ್ರೇಕ್ ಹತ್ತಾರು ಸಲ ತುಳಿಯಿರಿ, ಬಾಯಲ್ಲಿ "ಬ್ರೇಕ್" ಅನ್ನಿ. ಪಕ್ಕದವರು ನಕ್ಕರೆ ನಗಲಿ. ಮೊದಲ ಅರ್ಧ ಗಂಟೆ ಪಟ್ಟಣದ ಕೋಟೆ ಬೀದಿಗಳು ಬೇಡ, ಖಾಲಿ ರಸ್ತೆಯಲ್ಲಿ ಓಡಿಸಿ. ಹೇಗೂ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಆಟೋ, ಟ್ರ್ಯಾಕ್ಟರ್ ಯಾವಾಗ ಅಡ್ಡ ಬರುತ್ತವೋ ಹೇಳಲಾಗದು. ಕಾಲಿಗೆ ರೂಢಿ ಆಗುವವರೆಗೆ ಆ ಕಡೆಯೂ ಹೋಗಬೇಡಿ.

ವಾಪಸ್ ಒದೆಯುವುದು ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಬೆಂಕಿ ಹತ್ತಿದಾಗ. ಎಡಗೈ ಕಡೆ ಸಿಲಿಂಡರಿನ ಒತ್ತಡ ಬಿಡುವ ಸಣ್ಣ ಡಿಕಂಪ್ರೆಷನ್ ಲಿವರ್ ಇದೆಯಲ್ಲ, ಅದು ಅಲಂಕಾರಕ್ಕಲ್ಲ. ಇಗ್ನಿಷನ್ ಆನ್ ಮಾಡಿ. ಕಿಕ್ಕರನ್ನು ಕೈಯಲ್ಲಿ ತೂಗಿ ನೋಡುವಷ್ಟು ನಿಧಾನವಾಗಿ ಕಾಲಲ್ಲಿ ಒತ್ತುತ್ತಾ ಹೋಗಿ, ಗಟ್ಟಿಯಾಗಿ ತಡೆಯುವವರೆಗೆ. ಅಲ್ಲಿ ಆಮೀಟರ್, ಅಂದರೆ ಕರೆಂಟ್ ತೋರಿಸುವ ಮೀಟರ್, ಅದರ ಮುಳ್ಳು ನೋಡಿ. ಡಿಕಂಪ್ರೆಷನ್ ಲಿವರ್ ಹಿಡಿದು ಚೂರೇ ಚೂರು ಮುಂದಕ್ಕೆ ಒತ್ತಿದರೆ ಮುಳ್ಳು ನಡುವಿಗೆ ಬರುತ್ತದೆ. ಲಿವರ್ ಬಿಡಿ, ಕಿಕ್ಕರ್ ಮೇಲಕ್ಕೆ ಬರಲಿ, ಆಮೇಲೆ ಒಂದೇ ದಮ್ಮಿಗೆ ಕೊನೇವರೆಗೆ ಒದೆಯಿರಿ. ಅರ್ಧ ಮನಸ್ಸಿನ ಕಿಕ್ಕೇ ವಾಪಸ್ ಬರುವುದು. ಪಾದದ ನಡುಭಾಗ ಕಿಕ್ಕರ್ ಮೇಲಿರಲಿ, ಮಂಡಿ ಪೂರ್ತಿ ನೆಟ್ಟಗೆ ಮಾಡಬೇಡಿ, ನ್ಯೂಟ್ರಲ್ ಇದೆಯಾ ಎರಡು ಸಲ ನೋಡಿ. ಚಪ್ಪಲಿಯಲ್ಲಿ ಬುಲೆಟ್ ಕಿಕ್ ಹೊಡೆಯುವವರಿಗೆ ನನ್ನ ಬಳಿ ಉತ್ತರವಿಲ್ಲ. ಇಷ್ಟು ಮಾಡಿದರೂ ಒದೆಯುತ್ತಿದ್ದರೆ ಬೆಂಕಿ ಹತ್ತುವ ಟೈಮಿಂಗ್ ಮುಂದಿದೆ, ತೋರಿಸಿ.

ಪ್ರಶ್ನೆ: ಅಮ್ಮ ಹಿಂದೆ ಹತ್ತುವಾಗ ಪ್ರತಿ ಸಲವೂ ಗಾಡಿ ವಾಲುತ್ತದೆ. ಒಂದು ಕಡೆಗೇ ಕೂರುತ್ತಾರೆ.
– ಮದ್ದೂರು

ಉತ್ತರ: ಅಮ್ಮನವರು ಹತ್ತುವುದು ನಿಮಗೆ ಗೊತ್ತಾಗುವ ಮೊದಲೇ ಹತ್ತಿಬಿಡುತ್ತಾರೆ, ಅಷ್ಟೇ. "ಹತ್ತಮ್ಮ" ಅಂತ ನೀವು ಹೇಳಿದ ಮೇಲೆ ಹತ್ತಲಿ, "ಕೂತೆ" ಅಂತ ಅವರು ಹೇಳಿದ ಮೇಲೆ ನೀವು ಕಾಲೆತ್ತಿ. ಹತ್ತುವಾಗ ಮಾತ್ರ ನಿಮ್ಮ ಎರಡು ಕಾಲೂ ಅಗಲವಾಗಿ ನೆಲದಲ್ಲಿರಲಿ, ಮುಂದಿನ ಬ್ರೇಕ್ ಹಿಡಿದಿರಲಿ. ಹತ್ತುವುದು ಇಳಿಯುವುದು ಎಡಗಡೆಯೇ. ಸಾಮಾನ್ಯವಾಗಿ ಬಲಗಡೆ ಸೈಲೆನ್ಸರ್ ಸುಡುತ್ತಿರುತ್ತದೆ. ಒಂದೇ ಕಡೆ ಕೂತರೆ ಭಾರ ಎಡಕ್ಕೆ ಎಳೆಯುತ್ತದೆ, ಹಾಗಾಗಿ ನಿಲ್ಲಿಸುವಾಗ ಎಡಗಾಲನ್ನು ಇನ್ನೂ ಸ್ವಲ್ಪ ಹೊರಗೆ ಊರಿ. ಎರಡು ಕಡೆ ಕಾಲು ಹಾಕಿ ಕೂರಲು ಒಪ್ಪಿದರೆ ಎಲ್ಲಕ್ಕಿಂತ ಒಳ್ಳೆಯದು. ಒಪ್ಪುತ್ತಾರೆ ಅಂತ ನಾನು ಗ್ಯಾರಂಟಿ ಕೊಡಲ್ಲ.

ಪ್ರಶ್ನೆ: ನಾಲೆ ಏರಿ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿದರೆ ಹೂತುಹೋಗಿ ಗಾಡಿ ಬೀಳುತ್ತದೆ.
– ಮಂಡ್ಯ ತಾಲ್ಲೂಕು

ಉತ್ತರ: ಅಂಗೈ ಅಗಲದ ಚಪ್ಪಟೆ ಕಲ್ಲೋ ಹಲಗೆ ಚೂರೋ ಒಂದು ಸೈಡ್ ಬಾಕ್ಸ್‌ನಲ್ಲಿಟ್ಟುಕೊಳ್ಳಿ, ಸ್ಟ್ಯಾಂಡ್ ಕೆಳಗೆ ಇಡಿ. ಗಾಡಿಯ ಮೂಗು ಏರಿನ ಕಡೆ ಇರಲಿ, ಒಂದನೇ ಗೇರಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ಏರಿ ಮೆತ್ತಗಿದ್ದರೆ ಡಬಲ್ ಸ್ಟ್ಯಾಂಡೂ ಹೂತುಹೋಗುತ್ತದೆ, ರಸ್ತೆಯಲ್ಲೇ ನಿಲ್ಲಿಸಿ ನಡೆದುಹೋಗಿ. ಹೊರಡುವಾಗ ಸ್ಟ್ಯಾಂಡ್ ತೆಗೆದ ಮೇಲೆ ಕಲ್ಲು ಎತ್ತಿಕೊಳ್ಳುವುದು ಮರೆಯುತ್ತೀರಿ, ಎರಡು ಇಟ್ಟುಕೊಂಡಿರಿ.